ಕಾಲು ಸೋತ ಮೇಲೆ ದುಡಿಯುವ ತೋಳುಗಳು

ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮಲ್ಲಿ ಕೆಲವರು ದೇವಾಲಯಕ್ಕೆ ಬರಲಾಗದ ರೋಗಿಗಳನ್ನು ನೋಡಲು ಅವರ ಮನೆಗಳಿಗೆ ಹೋಗುವುದುಂಟು. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಡಕೆ ಕೊಯ್ಯಲು ಮರ ಹತ್ತಿದ ಯುವಕ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಾನೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಐದಾರು ವರ್ಷಗಳು ಕಳೆದಿವೆ. "ಹೇಗಿದ್ದೀಯಪ್ಪ?" ಎಂದು ಕೇಳಿದರೆ, "ಹೆಗಲು ಕಿತ್ತುಬರೋ ಹಾಗೆ ನೋಯುತ್ತೆ ಅಣ್ಣ, ರಾತ್ರಿ ಮಗ್ಗುಲು ಬದಲಾಯಿಸೋಕೂ ಆಗಲ್ಲ" ಎನ್ನುತ್ತಾನೆ. "ಕಾಲೂ ಉರಿಯುತ್ತೆ ಅಂತಾರೆ" ಎಂದು ಬಾಗಿಲ ಬಳಿ ನಿಂತ ಹೆಂಡತಿ ದನಿಗೂಡಿಸುತ್ತಾಳೆ.

ಬಂದವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಪೆಟ್ಟು ಬಿದ್ದದ್ದು ಬೆನ್ನಿಗೆ, ಹೆಗಲು ಏಕೆ ನೋಯಬೇಕು? ಚಿವುಟಿದರೂ ತಿಳಿಯದ ಕಾಲು ಉರಿಯುವುದಾದರೂ ಹೇಗೆ? ಒಬ್ಬರು, "ಪ್ರಭುವಿನ ಶಿಲುಬೆಯೊಂದಿಗೆ ಒಪ್ಪಿಸಿಬಿಡಪ್ಪ" ಎಂದು ಸಮಾಧಾನ ಹೇಳುತ್ತಾರೆ. ಅಂಗಳ ದಾಟಿದ ಮೇಲೆ ಇನ್ನೊಬ್ಬರು, "ಪಾಪ, ಕಾಯಿಲೆ ಮನಸ್ಸಿಗೆ ಹತ್ತಿದೆ" ಎನ್ನುತ್ತಾರೆ. ಇಬ್ಬರೂ ಒಳ್ಳೆಯವರೇ. ಆದರೆ ಇಬ್ಬರ ಮಾತಿನಿಂದಲೂ ಒಂದೇ ಫಲ: ಮುಂದಿನ ಸಲ ಆತ ನೋವಿನ ವಿಷಯ ಎತ್ತುವುದಿಲ್ಲ.

ಬೆನ್ನುಹುರಿ ಪೆಟ್ಟಿನ ನಂತರದ ನೋವು ಕಲ್ಪನೆಯಲ್ಲ, ಅಪರೂಪವೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯರ ಒಂದು ತಂಡ ಇಂಥ ರೋಗಿಗಳನ್ನು ಪೆಟ್ಟು ಬಿದ್ದಂದಿನಿಂದ ಐದು ವರ್ಷಗಳವರೆಗೆ ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿತು. ಐದು ವರ್ಷಗಳಾದ ಮೇಲೂ ನೂರಕ್ಕೆ 81 ಮಂದಿಗೆ ಯಾವುದಾದರೊಂದು ಬಗೆಯ ನೋವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನೂರಕ್ಕೆ 59 ಮಂದಿಯಲ್ಲಿ ಕಂಡುಬಂದದ್ದು ಸ್ನಾಯು, ಕೀಲು, ಮೂಳೆಗಳ ನೋವು. ಉರಿ, ಕರೆಂಟು ಹೊಡೆದಂತಹ ಜುಮ್ಮು ಮುಂತಾದ ನರದ ನೋವುಗಳು ಅದರ ನಂತರದ ಸ್ಥಾನದಲ್ಲಿದ್ದವು. ಈ ಎರಡು ಬಗೆಗಳನ್ನು ಬೇರೆ ಬೇರೆ ಎಂದು ಗುರುತಿಸುವುದು ಮುಖ್ಯ, ಏಕೆಂದರೆ ಒಂದಕ್ಕೆ ಕೊಡುವ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ. ಈ ಪಾಠದಲ್ಲಿ ಸ್ನಾಯುಗಳ ನೋವನ್ನೇ ಹೆಚ್ಚಾಗಿ ನೋಡೋಣ. ಮನೆಯವರ ಕೈಯಿಂದ ಹೆಚ್ಚು ಉಪಕಾರವಾಗುವುದೂ, ಕೆಲವೊಮ್ಮೆ ತಿಳಿಯದೆ ಅಪಕಾರವಾಗುವುದೂ ಇಲ್ಲಿಯೇ.

ಮೊದಲು ಹೆಗಲಿನ ವಿಷಯ. ದೇವರು ನಮ್ಮ ಸೊಂಟದ ಕೀಲನ್ನೂ ಭುಜದ ಕೀಲನ್ನೂ ಒಂದೇ ರೀತಿ ಮಾಡಲಿಲ್ಲ. ಸೊಂಟದಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನಲ್ಲಿ ಕುಳಿತಿದೆ. ಇಡೀ ಮೈಭಾರ ಹೊರಲೆಂದೇ ಆದ ರಚನೆ ಅದು. ಭುಜದಲ್ಲಾದರೋ ಬಟ್ಟಲು ತಟ್ಟೆಯಷ್ಟು ಚಪ್ಪಟೆ. ತೋಳು ಎಲ್ಲ ಕಡೆಗೂ ತಿರುಗಲೆಂದು ಈ ಏರ್ಪಾಡು. ಮೂಳೆ ಜಾರದಂತೆ ಹಿಡಿದಿರುವುದು ಸುತ್ತಲಿನ ನಾಲ್ಕು ಚಿಕ್ಕ ಸ್ನಾಯುಗಳು ಮತ್ತು ಅವುಗಳ ಕಂಡರಗಳು. ಈಗ ಆ ಯುವಕ ಮಂಚದಿಂದ ಗಾಲಿಕುರ್ಚಿಗೆ ಹೋಗುವುದನ್ನು ನೋಡಿ. ಎರಡು ಕೈಗಳನ್ನೂ ಊರಿ ಇಡೀ ದೇಹವನ್ನು ಎತ್ತುತ್ತಾನೆ. ಆ ಕ್ಷಣದಲ್ಲಿ ತೋಳಿನ ಮೂಳೆ ಮೇಲಕ್ಕೆ ಒತ್ತಲ್ಪಟ್ಟು, ಭುಜದ ಚಾವಣಿಯಂತಿರುವ ಮೂಳೆಗೂ ಅದಕ್ಕೂ ನಡುವೆ ಕಂಡರ ಸಿಕ್ಕಿ ಹಿಸುಕಿದಂತಾಗುತ್ತದೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಶೌಚಾಲಯಕ್ಕೆ, ಮತ್ತೆ ಕುರ್ಚಿಗೆ, ಆಟೋರಿಕ್ಷಾಕ್ಕೆ, ಮತ್ತೆ ಮಂಚಕ್ಕೆ. ಕುಂಡೆಯ ಮೇಲೆ ಹುಣ್ಣಾಗಬಾರದೆಂದು ಆಗಾಗ ಮೈಯೆತ್ತಿ ಹಿಡಿಯುವುದು ಬೇರೆ. ಇಷ್ಟರ ನಡುವೆ ದಿನವಿಡೀ ಗಾಲಿ ತಳ್ಳುವುದು. ಅಂದರೆ ಕಾಲುಗಳ ಕೆಲಸವನ್ನು, ಆ ಕೆಲಸಕ್ಕಾಗಿ ಸೃಷ್ಟಿಯಾಗದ ಕೀಲು ಹೊತ್ತಿದೆ. ಐದಾರು ವರ್ಷಗಳಲ್ಲಿ ಅದು ನೋಯದಿದ್ದರೆ ಆಶ್ಚರ್ಯ.

ನಮಗೆ ನಿಮಗೆ ಹೆಗಲು ನೊಂದರೆ ವೈದ್ಯರು, "ಒಂದು ತಿಂಗಳು ಕೈಗೆ ವಿಶ್ರಾಂತಿ ಕೊಡಿ" ಎನ್ನುತ್ತಾರೆ. ಆತನಿಗೆ ಕೈಗೆ ವಿಶ್ರಾಂತಿ ಎಂದರೆ ಮಂಚ ಬಿಟ್ಟು ಏಳದಿರುವುದು, ಶೌಚಕ್ಕೂ ಇನ್ನೊಬ್ಬರ ಆಸರೆ ಬೇಡುವುದು. ಕಷ್ಟಪಟ್ಟು ಗಳಿಸಿದ ಸ್ವಾತಂತ್ರ್ಯ ಆ ಎರಡು ಹೆಗಲುಗಳ ಮೇಲೆ ನಿಂತಿದೆ. ಅದಕ್ಕೇ ಇಂಥವರು ನೋವನ್ನು ಬಹಳ ದಿನ ಮುಚ್ಚಿಡುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುತ್ತಾರೆ. ಡೈಕ್ಲೋಫಿನಾಕ್‌ನಂತಹ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಬೆನ್ನುಹುರಿ ಪೆಟ್ಟಾದವರಲ್ಲಿ ಮೂತ್ರಕೋಶದ ತೊಂದರೆಯಿಂದ ಮೂತ್ರಪಿಂಡ ಮೊದಲೇ ಅಪಾಯದಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಪರಿಹಾರವೇನು? ಅಮೆರಿಕದ ತಜ್ಞರ ಒಕ್ಕೂಟವೊಂದು 2005ರಲ್ಲಿ ಈ ಬಗ್ಗೆಯೇ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಅದರ ಸಾರವನ್ನು ಮನೆಮಾತಿನಲ್ಲಿ ಹೇಳುವುದಾದರೆ: ಎತ್ತುವ, ತಳ್ಳುವ ಸಲಗಳನ್ನು ಕಡಿಮೆ ಮಾಡು, ಪ್ರತಿ ಸಲದ ಬಲವನ್ನು ಕಡಿಮೆ ಮಾಡು, ತೋಳನ್ನು ಅತಿಯಾಗಿ ಚಾಚಬೇಡ. ಗಾಲಿಯನ್ನು ಚಿಕ್ಕ ಚಿಕ್ಕ ತಳ್ಳುಗಳಿಂದ ಪದೇ ಪದೇ ಹೊಡೆಯುವ ಬದಲು ಉದ್ದವಾಗಿ, ನಿಧಾನವಾಗಿ ತಳ್ಳಿ, ಕೈಯನ್ನು ಗಾಲಿಯ ಬಳೆಗಿಂತ ಕೆಳಗೆ ತಾನಾಗಿ ಇಳಿಯಬಿಟ್ಟು ಮತ್ತೆ ಮೇಲೆ ತರಬೇಕು. ಗಾಲಿಬಳೆಯ ತುದಿಯ ಮೇಲೆ ಕೈಯಿಟ್ಟಾಗ ಮೊಣಕೈ 100ರಿಂದ 120 ಡಿಗ್ರಿ ಬಾಗಿರುವಂತೆ ಆಸನದ ಎತ್ತರವಿರಬೇಕು. ಹಿಂದಿನ ಗಾಲಿಯ ಅಚ್ಚು, ಕುರ್ಚಿ ಹಿಂದಕ್ಕೆ ಮಗುಚದಷ್ಟರ ಮಟ್ಟಿಗೆ, ಮುಂದಕ್ಕಿದ್ದಷ್ಟೂ ತಳ್ಳುವುದು ಹಗುರ. ಕುರ್ಚಿಯೂ ಆದಷ್ಟು ಹಗುರವಾಗಿರಬೇಕು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಹಬ್ಬ, ಜುಬಿಲಿಗಳ ಸಂದರ್ಭದಲ್ಲಿ ಸಾಲಾಗಿ ಗಾಲಿಕುರ್ಚಿಗಳನ್ನು ನಿಲ್ಲಿಸಿ ಹಂಚುವುದನ್ನು ನೋಡಿದ್ದೇವೆ. ಎಲ್ಲವೂ ಒಂದೇ ಅಳತೆ. ಆಸ್ಪತ್ರೆಯ ವರಾಂಡದಲ್ಲಿ ರೋಗಿಯನ್ನು ಬೇರೆಯವರು ತಳ್ಳಿಕೊಂಡು ಹೋಗಲು ಮಾಡಿದ ಭಾರದ ಕುರ್ಚಿಗಳು ಅವು. ಅಗಲ ಹೆಚ್ಚಾದರೆ ತೋಳುಗಳನ್ನು ರೆಕ್ಕೆಯಂತೆ ಹರಡಿ ತಳ್ಳಬೇಕು. ಆಸನದ ಬಟ್ಟೆ ಜೋತುಬಿದ್ದರೆ ಬೆನ್ನು ಗೂನಾಗಿ ಕುತ್ತಿಗೆ, ಮೇಲ್ಬೆನ್ನು ನೋಯತೊಡಗುತ್ತವೆ. ಹತ್ತು ಮಂದಿಗೆ ಅಳತೆಯಿಲ್ಲದ ಕುರ್ಚಿ ಹಂಚುವುದಕ್ಕಿಂತ ಇಬ್ಬರಿಗೆ ಅಳತೆ ತೆಗೆಸಿ ಕೊಡುವುದು ದೊಡ್ಡ ದಾನ ಎಂಬುದು ನನ್ನ ಅಭಿಪ್ರಾಯ. ಛಾಯಾಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಾಣಿಸದಿರಬಹುದು.

ಮಂಚದಿಂದ ಕುರ್ಚಿಗೆ ಹೋಗುವಾಗ ಎರಡೂ ಒಂದೇ ಎತ್ತರದಲ್ಲಿದ್ದರೆ ಹೆಗಲಿಗೆ ಅರ್ಧ ಕಷ್ಟ ತಪ್ಪುತ್ತದೆ. ತಗ್ಗಿನಿಂದ ಎತ್ತರಕ್ಕೆ ಏರುವುದೇ ಕೀಲನ್ನು ಹೆಚ್ಚು ದಣಿಸುವುದು. ನಡುವೆ ನುಣುಪಾದ ಹಲಗೆಯಿಟ್ಟು ಜಾರಿಕೊಂಡು ಹೋಗುವುದನ್ನು ಫಿಜಿಯೋಥೆರಪಿಯವರು ಕಲಿಸಿಕೊಡುತ್ತಾರೆ. ಚರ್ಮ ಉಜ್ಜದಂತೆ ಎಚ್ಚರ ಬೇಕು. ಪ್ರತಿಸಲವೂ ಒಂದೇ ಕೈಯನ್ನು ಮುಂದಿಡದೆ ಬದಲಾಯಿಸುತ್ತಿರಬೇಕು. ಕುಂಡೆಯ ಒತ್ತಡ ಇಳಿಸಲು ಕೈಯೂರಿ ಮೇಲೇಳುವ ಬದಲು ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆ ತರುವುದು, ಅಥವಾ ಒಂದೊಂದು ಪಕ್ಕಕ್ಕೆ ವಾಲುವುದು ಹೆಗಲಿಗೆ ಹಿತ. ಬೀಳದಂತೆ ಯಾರಾದರೂ ಮೊದಲು ಹತ್ತಿರ ನಿಂತಿರಲಿ. ಮನೆಯ ಸ್ವಿಚ್ಚು, ನೀರಿನ ಲೋಟ, ಪ್ರಾರ್ಥನಾ ಪುಸ್ತಕ, ಮೊಬೈಲು ಎಲ್ಲವೂ ಕುಳಿತವನ ಎದೆಯ ಮಟ್ಟದಲ್ಲಿ ಸಿಗುವಂತಿರಲಿ. ನಿಂತವರ ಅಳತೆಗೆ ಮಾಡಿದ ಗೂಡಿಗೆ ಕುಳಿತವನು ದಿನಕ್ಕೆ ಇಪ್ಪತ್ತು ಸಲ ಕೈಚಾಚಿದರೆ ಯಾವ ಮುಲಾಮೂ ಸಾಲದು. ಇಳಿಜಾರು ದಾರಿ ಮಾಡಿಸುವವರು 1 ಅಡಿ ಏರಿಕೆಗೆ 12 ಅಡಿ ಉದ್ದವೆಂಬ ಲೆಕ್ಕವನ್ನು ಇಟ್ಟುಕೊಳ್ಳಬೇಕು. ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಮಾಡಿಸಿದ ಕಡಿದಾದ ಇಳಿಜಾರು, ಬಂದವನ ಹೆಗಲಿಗೆ ಇನ್ನೊಂದು ಪೆಟ್ಟು.

ವ್ಯಾಯಾಮದ ಬಗ್ಗೆ ಒಳ್ಳೆಯ ಸುದ್ದಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಹೆಗಲು ನೋವಿದ್ದ ಗಾಲಿಕುರ್ಚಿ ಬಳಕೆದಾರರಿಗೆ ವಾರಕ್ಕೆ 3 ದಿನದಂತೆ 12 ವಾರ ಮನೆಯಲ್ಲೇ ವ್ಯಾಯಾಮ ಮಾಡಿಸಿ, ಕುರ್ಚಿ ತಳ್ಳುವ ಹಾಗೂ ಮೈಯೆತ್ತುವ ರೀತಿಯನ್ನೂ ತಿದ್ದಿದರು. ಕೇವಲ ಮಾಹಿತಿ ಪಡೆದವರಿಗಿಂತ ಇವರ ನೋವು ಬಹಳ ಇಳಿಯಿತು ಎಂದು 2011ರಲ್ಲಿ ಪ್ರಕಟವಾಯಿತು. ಎದೆಯ ಮುಂಭಾಗವನ್ನು ಹಿಗ್ಗಿಸುವುದು, ಬೆನ್ನಿನ ಮೇಲ್ಭಾಗ ಮತ್ತು ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳನ್ನು ಬಲಪಡಿಸುವುದು ಇದರ ತಿರುಳು. ಗಾಲಿ ತಳ್ಳುವುದರಿಂದ ಮುಂದಿನ ಸ್ನಾಯುಗಳು ತಾವೇ ಬಲಿಯುತ್ತವೆ, ಹಿಂದಿನವು ಸೊರಗುತ್ತವೆ. ಆ ಅಸಮತೋಲನವನ್ನು ಸರಿಪಡಿಸಬೇಕು. ರಬ್ಬರಿನ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಎಳೆಯುವಷ್ಟು ಸರಳ ಸಾಧನ ಸಾಕು. ಯಾವ ವ್ಯಾಯಾಮ, ಎಷ್ಟು ಎಂಬುದನ್ನು ಮಾತ್ರ ಫಿಜಿಯೋಥೆರಪಿಯವರೇ ನೋಡಿ ಹೇಳಬೇಕು. ಇದು ಹೊಸ ಕಲ್ಪನೆಯೂ ಅಲ್ಲ. ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯೆಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗವನ್ನು ತೆರೆದು ಆಟವನ್ನೇ ಚಿಕಿತ್ಸೆಯಾಗಿ ಬಳಸಿದರು. 1948ರಲ್ಲಿ ಅಲ್ಲಿ 16 ಮಂದಿ ಬಿಲ್ಲುಗಾರರು ಗಾಲಿಕುರ್ಚಿಯಲ್ಲಿ ಕುಳಿತು ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಬೀಜದಿಂದ.

ಮನೆಯವರಿಗೊಂದು ಎಚ್ಚರಿಕೆ. ಹೆಗಲು ನೋಯುವ ದಿನಗಳಲ್ಲಿ ಎತ್ತಿ ಕೂರಿಸಲು ನೆರವಾಗುವುದು ಸರಿಯೇ. ಆದರೆ ತೋಳು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಜಗ್ಗಬೇಡಿ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾಗಿ ತೋಳೂ ಸೋತವರಲ್ಲಿ ಭುಜವನ್ನು ಹಿಡಿದಿಡುವ ಸ್ನಾಯುಗಳೇ ದುರ್ಬಲ. ಒಂದು ಜಗ್ಗಿಗೆ ಕೀಲು ಸರಿದುಬಿಡಬಹುದು. ಕೆಳಗೆ ಗಟ್ಟಿ ದುಪ್ಪಟಿ ಹಾಸಿ ಇಬ್ಬರು ಹಿಡಿದು ಸರಿಸುವುದು ಅವರ ಭುಜಕ್ಕೂ ನಿಮ್ಮ ಸೊಂಟಕ್ಕೂ ಕ್ಷೇಮ.

ಇನ್ನು ಸೆಳೆತ. ಕೆಲವರ ಕಾಲು ತಾನಾಗಿ ಅದುರುತ್ತದೆ, ಮಡಚಿಕೊಳ್ಳುತ್ತದೆ, ಕೊರಡಿನಂತೆ ಬಿಗಿಯಾಗುತ್ತದೆ. ಮೊದಲ ಸಲ ಕಾಲು ಅಲುಗಿದ್ದನ್ನು ಕಂಡ ತಾಯಿ ಸಂತೋಷದಿಂದ ಅತ್ತು, ಹರಕೆ ಫಲಿಸಿತು ಎಂದು ದೇವಾಲಯಕ್ಕೆ ಓಡಿದರೆ ಯಾರು ತಪ್ಪೆಂದಾರು? ಆದರೂ ಸತ್ಯವನ್ನು ಮೃದುವಾಗಿ ಹೇಳಲೇಬೇಕು. ಪೆಟ್ಟಾದ ಜಾಗದಿಂದ ಕೆಳಗಿನ ಬೆನ್ನುಹುರಿ ಸತ್ತಿರುವುದಿಲ್ಲ. ಮೆದುಳಿನ ಹತೋಟಿ ತಪ್ಪಿದ್ದರಿಂದ ಅದು ಚಿಕ್ಕ ಪ್ರಚೋದನೆಗೂ ತನ್ನಷ್ಟಕ್ಕೆ ತಾನೇ ಸ್ನಾಯುಗಳನ್ನು ಕುಣಿಸುತ್ತದೆ. ಇದೊಂದನ್ನೇ ಗುಣವಾಗುತ್ತಿರುವ ಗುರುತೆಂದು ತಿಳಿಯಲಾಗದು. ಸ್ವಲ್ಪ ಬಿಗಿತ ಕೆಲವರಿಗೆ ಎದ್ದು ನಿಲ್ಲಲು ಸಹಾಯವಾಗುವುದೂ ಉಂಟು. ಹೆಚ್ಚಾದರೆ ನೋವು, ನಿದ್ರಾಭಂಗ, ಕೀಲು ಮಡಚಿದಂತೆಯೇ ನಿಂತುಬಿಡುವುದು.

ಸೆಳೆತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮಾತ್ರೆ ಹೆಚ್ಚಿಸುವ ಮುನ್ನ ಕಾರಣ ಹುಡುಕಬೇಕು. ದೇಹ ತನಗೆ ಹೇಳಲಾಗದ ನೋವನ್ನು ಸೆಳೆತದ ಮೂಲಕ ಹೇಳುತ್ತಿರಬಹುದು. ಮೂತ್ರದ ಸೋಂಕು, ಮಡಚಿಕೊಂಡ ಮೂತ್ರದ ನಳಿಕೆ, ಮಲಬದ್ಧತೆ, ಬೆನ್ನಡಿಯ ಹುಣ್ಣು, ಮಾಂಸದೊಳಗೆ ಬೆಳೆದ ಕಾಲುಗುರು, ಬಿಗಿಯಾದ ಪ್ಯಾಂಟು, ಬೂಟಿನೊಳಗಿನ ಕಲ್ಲು, ಗಮನಕ್ಕೆ ಬಾರದ ಮೂಳೆಮುರಿತ: ಇವುಗಳಲ್ಲಿ ಯಾವುದಾದರೂ ಇದ್ದೀತು. ಅಂದಿನ ರಾತ್ರಿ ದೀಪ ಹಾಕಿ ತಲೆಯಿಂದ ಪಾದದವರೆಗೆ ನೋಡಿ. ದಿನಕ್ಕೊಂದು ಸಲ ಹಿಮ್ಮಡಿ, ಮೊಣಕಾಲು, ಸೊಂಟಗಳನ್ನು ನಿಧಾನವಾಗಿ ಹಿಗ್ಗಿಸಿ ಹಿಡಿಯುವುದನ್ನು ಮನೆಯವರು ಕಲಿತುಕೊಂಡರೆ ಒಳ್ಳೆಯದು. ವೈದ್ಯರು ಬ್ಯಾಕ್ಲೋಫೆನ್ ಅಥವಾ ಟಿಜಾನಿಡಿನ್ ಬರೆದುಕೊಡಬಹುದು. ಮಾತ್ರೆ ಮುಗಿಯಿತೆಂದೋ, ತೂಕಡಿಕೆ ಬರುತ್ತದೆಂದೋ ಬ್ಯಾಕ್ಲೋಫೆನ್ ಅನ್ನು ಒಮ್ಮೆಲೇ ನಿಲ್ಲಿಸಬಾರದು. ಅದರಿಂದ ಜ್ವರ, ಭ್ರಮೆ, ಅಪಸ್ಮಾರದಂತಹ ಅಪಾಯಗಳು ಬರಬಹುದು. ಕಡಿಮೆ ಮಾಡುವುದಾದರೆ ವೈದ್ಯರ ಸಲಹೆಯಂತೆ ಹಂತ ಹಂತವಾಗಿ.

ಹೆಂಡತಿ ಹೇಳಿದ ಆ ಕಾಲುರಿ ಸ್ನಾಯುವಿನದಲ್ಲ. ತುಂಡಾದ ತಂತಿಯಲ್ಲಿ ಕಿಡಿ ಹಾರುವಂತೆ, ಗಾಯಗೊಂಡ ನರವ್ಯೂಹವೇ ಹುಟ್ಟಿಸುವ ನೋವು ಅದು. ಚಿವುಟಿದ್ದು ತಿಳಿಯದ ಕಾಲೂ ಹೀಗೆ ಉರಿಯಬಲ್ಲದು. ಅದಕ್ಕೆ ಸಾಮಾನ್ಯ ನೋವಿನ ಮಾತ್ರೆ, ಎಣ್ಣೆ, ಮಾಲೀಸು ಹೆಚ್ಚೇನೂ ಮಾಡಲಾರವು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಬೇರೆ ಬಗೆಯ ಔಷಧಗಳಿವೆ. ಪೂರ್ತಿ ಹೋಗದಿದ್ದರೂ ಅನೇಕರಿಗೆ ನಿದ್ದೆ ಬರುವಷ್ಟು ಶಮನವಾಗುತ್ತದೆ.

ಪ್ರೀತಿಯಿಂದಲೇ ಆಗುವ ಅಪಾಯಗಳನ್ನೂ ಹೇಳಿಬಿಡುತ್ತೇನೆ. ನೋವೆಂದಾಗ ನಮ್ಮ ಮನೆಗಳಲ್ಲಿ ಬಿಸಿನೀರಿನ ಚೀಲ, ಉಪ್ಪಿನ ಶಾಖ, ಕಾಯಿಸಿದ ಎಣ್ಣೆ ಹೊರಬರುತ್ತವೆ. ಸ್ಪರ್ಶವಿಲ್ಲದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದಿರುವುದುಂಟು. ಶಾಖ ಬೇಕಿದ್ದರೆ ಸ್ಪರ್ಶವಿರುವ ಕಡೆ ಮಾತ್ರ, ಅದೂ ಹದವಾಗಿ. ನಾಟಿ ವೈದ್ಯರಲ್ಲಿಗೆ ಹೊತ್ತೊಯ್ದು ಕಾಲನ್ನು ಬಲವಾಗಿ ತಿರುಚಿಸುವುದೂ ಬೇಡ; ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ, ಸುಲಭವಾಗಿ ಮುರಿಯುತ್ತದೆ. ಮೊದಲ ಕೆಲವು ತಿಂಗಳಲ್ಲಿ ಸೊಂಟ, ತೊಡೆ ಊದಿ ಬಿಸಿಯಾದರೆ ಸ್ನಾಯುಗಳ ನಡುವೆ ಮೂಳೆ ಬೆಳೆಯುತ್ತಿರಬಹುದು, ಇಲ್ಲವೇ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಹೆಪ್ಪುಗಟ್ಟಿದ್ದನ್ನು ತಿಕ್ಕಿದರೆ ಪ್ರಾಣಾಪಾಯ. ಅಂದೇ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯ ಚೀಟಿಯಲ್ಲಿ ಪೆಟ್ಟಿನ ಮಟ್ಟ ಟಿ 6 ಅಥವಾ ಅದಕ್ಕಿಂತ ಮೇಲೆ ಎಂದು ಬರೆದಿದ್ದರೆ ಇನ್ನೊಂದು ಸಂಗತಿ ತಿಳಿದಿರಲಿ. ಕೆಳಗೆಲ್ಲೋ ಇರುವ ಕಿರುಕುಳದಿಂದ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿ, ತಲೆ ಸಿಡಿಯುವಂತಾಗಿ, ಮುಖ ಕೆಂಪಾಗಿ ಬೆವರಬಹುದು. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿಯುಡುಪು ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿದೆಯೇ ನೋಡಿ, ತಡಮಾಡದೆ ವೈದ್ಯರನ್ನು ಕರೆಯಬೇಕು.

ಇಷ್ಟು ಹೇಳಿದ ಮೇಲೂ, "ನೋವನ್ನು ಪ್ರಭುವಿಗೆ ಒಪ್ಪಿಸಬೇಕಲ್ಲವೇ?" ಎಂದು ಕೇಳುವವರುಂಟು. ಒಪ್ಪಿಸುವುದು ನೊಂದವನ ಹಕ್ಕು. ನೋಡಲು ಬಂದವರು ಹೊರಿಸುವ ಕಡ್ಡಾಯವಲ್ಲ. ಔಷಧದಿಂದ ನೋವನ್ನು ಶಮನಗೊಳಿಸುವುದು ಧರ್ಮಸಮ್ಮತವೇ ಎಂದು ವೈದ್ಯರು ಕೇಳಿದಾಗ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರಲ್ಲೇ ಸಮ್ಮತವೆಂದು ಉತ್ತರಿಸಿದ್ದಾರೆ. ಎರಡನೆಯ ಜಾನ್ ಪೌಲರು ಸಂಕಟದ ಅರ್ಥದ ಬಗ್ಗೆ 1984ರಲ್ಲಿ ಬರೆದ ಪತ್ರವೂ ಕೊನೆಗೆ ಬಂದು ನಿಲ್ಲುವುದು ದಯಾಳು ಸಮಾರಿಯನ ಬಳಿ. ಆ ಸಮಾರಿಯ ದಾರಿಯಲ್ಲಿ ಬಿದ್ದವನಿಗೆ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಛತ್ರಕ್ಕೆ ಸೇರಿಸಿದ, ಖರ್ಚಿಗೆ ಹಣ ಕೊಟ್ಟ.

ನಮ್ಮ ನೆರೆಯಲ್ಲೇ ಡಾ. ಮೇರಿ ವರ್ಗೀಸ್ ಇದ್ದರು. ಕೇರಳದಲ್ಲಿ ಹುಟ್ಟಿ ವೆಲ್ಲೂರಿನಲ್ಲಿ ಕಲಿತ ಆ ಯುವ ವೈದ್ಯೆ 1954ರ ವಾಹನ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಅನಂತರ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವಿದೇಶದಲ್ಲಿ ಪುನರ್ವಸತಿ ವೈದ್ಯಕೀಯವನ್ನು ಕಲಿತು ಬಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವೇ ತೆರೆಯಿತು. ಬೆನ್ನುಹುರಿ ಪೆಟ್ಟಾದವರಿಗೆ ಕುರ್ಚಿ ಬಳಸುವುದು, ಮೈಯೆತ್ತುವುದು, ಮನೆಗೆ ಮರಳಿ ಬದುಕುವುದು ಅಲ್ಲಿ ಇಂದಿಗೂ ಕಲಿಕೆಯ ವಿಷಯ. ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ, ನಿಮ್ಹಾನ್ಸ್‌ಗಳಲ್ಲಿ ಪುನರ್ವಸತಿ ವಿಭಾಗಗಳಿವೆ. ಜಿಲ್ಲಾ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದಿಂದಲೂ ಆರಂಭಿಸಬಹುದು.

ಹೋಗುವ ಮುನ್ನ ಒಂದು ವಾರ ಮನೆಯಲ್ಲಿ ಬರೆದಿಡಿ: ಎಲ್ಲಿ ನೋಯುತ್ತದೆ, ಹಿಸುಕಿದಂತೆಯೋ ಉರಿದಂತೆಯೋ, ಯಾವ ಕೆಲಸ ಮಾಡಿದಾಗ ಹೆಚ್ಚು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಯಾವ ಮಾತ್ರೆ ಎಷ್ಟು ದಿನದಿಂದ. ಸ್ಪರ್ಶವಿರುವ ಭಾಗದಲ್ಲಿ, ಅಲುಗಿಸಿದಾಗ ಹೆಚ್ಚಿ ವಿಶ್ರಾಂತಿಯಲ್ಲಿ ಇಳಿಯುವ ನೋವು ಸಾಮಾನ್ಯವಾಗಿ ಸ್ನಾಯು, ಕೀಲುಗಳದು. ಈ ಒಂದು ಹಾಳೆ ವೈದ್ಯರಿಗೆ ಅರ್ಧ ಗಂಟೆಯ ಪ್ರಶ್ನೆಗಳನ್ನು ಉಳಿಸುತ್ತದೆ.

ನೋಡಲು ಹೋಗುವವರೂ ಮುಂದಿನ ಭಾನುವಾರ ಹಣ್ಣಿನ ಚೀಲದ ಜೊತೆಗೆ ಬಡಗಿಯ ಅಳತೆಪಟ್ಟಿಯೊಂದನ್ನು ಕೊಂಡೊಯ್ಯಬಹುದು. ಮಂಚ ಕುರ್ಚಿಯ ಆಸನಕ್ಕಿಂತ ಎಷ್ಟು ಅಂಗುಲ ತಗ್ಗಿದೆ, ಸ್ವಿಚ್ಚು ಎಷ್ಟು ಮೇಲಿದೆ ಎಂದು ಆತನನ್ನೇ ಕೇಳಿ ಅಳೆಯಿರಿ. ಮಂಚದ ನಾಲ್ಕು ಕಾಲುಗಳಿಗೆ ಮರದ ಗಟ್ಟಿ ದಿಮ್ಮಿಗಳನ್ನು ಅಲುಗದಂತೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ.